ನನ್ನ ಸರದಿಯ ಪ್ರಾರ್ಥನೆ

ನಮ್ಮ ಅತ್ತೆ ದೇವರೊಡನೆ ಮಾತಾಡುವಾಗ ದನಿ ತಗ್ಗಿಸುತ್ತಿರಲಿಲ್ಲ. ದಾರಿಯಲ್ಲಿ ಹೋಗುವವರು ಕೇಳಿದರೆ ಈ ಮನೆಗೆ ಯಾರೋ ಹತ್ತಿರದ ಬೀಗರು ಬಂದು ಕೂತಿದ್ದಾರೆ, ಅವರಿಗೆ ಈಕೆ ಮನೆಯ ಸುದ್ದಿ ಒಪ್ಪಿಸುತ್ತಿದ್ದಾಳೆ ಎಂದುಕೊಳ್ಳಬೇಕು, ಹಾಗೆ.

‘ದೇವ್ರ, ನೋಡಪಾ, ಎಮ್ಮಿ ಇವತ್ತೂ ಸರಿ ಹಿಂಡಗೊಟ್ಟಿಲ್ಲ. ನನ್ನ ಮಗಗ ನೆಗಡಿ ಬಿಡವಲ್ದು. ಹೊಸಾ ಸೊಸಿ ಛಲೋ ಅದಾಳ, ಆದ್ರ ಸಾರಿಗೆ ಉಪ್ಪ ಹಾಕೂದ ಮರೀತಾಳ. ಆಕಿ ಕೈಗೆ ಒಂದೀಟ ಹದಾ ಕೊಡು.’

ಮದುವೆಯಾಗಿ ಖಾನಾಪುರಕ್ಕೆ ಬಂದ ಮೊದಲ ವಾರ ಅದು. ಎಪ್ಪತ್ತರ ದಶಕದ ನಡುಭಾಗ. ನಾನು ಒಲೆಯ ಮುಂದೆ ಸೌಟು ಹಿಡಿದುಕೊಂಡೇ ನಿಂತಿದ್ದೆ. ಆ ಮನೆಯಲ್ಲಿ ನಾನಿನ್ನೂ ದೇವರ ಮುಂದೆ ಒಮ್ಮೆಯೂ ಬಾಯಿ ತೆರೆದಿರಲಿಲ್ಲ. ನನಗಿಂತ ಮೊದಲೇ ನನ್ನ ಸಾರಿನ ದೂರು ಅಲ್ಲಿಗೆ ಮುಟ್ಟಿತ್ತು. ಕಿವಿ ಬಿಸಿಯಾಯಿತು. ನಾಚಿಕೆಯಾದಾಗ ನನಗೆ ಮೊದಲು ಕಿವಿ ಬಿಸಿಯಾಗುತ್ತದೆ, ಆಮೇಲೆ ಗಂಟಲು ಒಣಗುತ್ತದೆ.

ನಾನು ಬೆಳೆದದ್ದು ಬೆಳಗಾವಿಯ ಕ್ಯಾಂಪಿನಲ್ಲಿ. ನಮ್ಮದು ಅಜ್ಜನ ಕಾಲದಿಂದ ಪ್ರಾಟೆಸ್ಟಂಟ್ ಮನೆತನ, ಮನೆಮಾತು ಕನ್ನಡ. ಆದರೆ ಇಂಗ್ಲಿಷ್ ಬರಲಿ ಎಂದು ನಮ್ಮಪ್ಪ ನನ್ನನ್ನು ಕ್ಯಾಥೊಲಿಕ್ ಸಿಸ್ಟರುಗಳ ಕಾನ್ವೆಂಟಿಗೆ ಹಾಕಿದ್ದರು. ಅಲ್ಲಿ ಮಧ್ಯಾಹ್ನ ಗಂಟೆ ಬಾರಿಸಿದ ಕೂಡಲೇ ಹುಡುಗಿಯರೆಲ್ಲ ಡೆಸ್ಕಿನ ಬದಿಗೆ ಎದ್ದು ನಿಂತು ಯೇಸುವಿನ ತಾಯಿ ಮರಿಯಮ್ಮನ ಪ್ರಾರ್ಥನೆ ಹೇಳುತ್ತಿದ್ದೆವು. ಬೇರೆಯವರು ಸುಮ್ಮನೆ ನಿಂತರೂ ಆದೀತು ಎಂದು ಸಿಸ್ಟರು ಹೇಳಿದ್ದರು. ಆದರೆ ಇಡೀ ವರ್ಗ ಒಂದೇ ರಾಗದಲ್ಲಿ ಹೇಳುವಾಗ ಬಾಯಿ ಸುಮ್ಮನಿರುವುದಿಲ್ಲ. ಮಗ್ಗಿಯಂತೆ ಅದು ನನ್ನ ನಾಲಿಗೆಗೆ ಹತ್ತಿತ್ತು. ಪ್ರಾರ್ಥನೆಗೆ ಮೊದಲು ಸಿಸ್ಟರು ಸಾಲಿನುದ್ದಕ್ಕೂ ಬಂದು ಉಗುರು ನೋಡುತ್ತಿದ್ದರು, ಜಡೆಯ ರಿಬ್ಬನ್ನು ನೋಡುತ್ತಿದ್ದರು. ನನ್ನ ಉಗುರು ಯಾವಾಗಲೂ ಚೊಕ್ಕಟ ಇರುತ್ತಿತ್ತು. ದೇವರ ಮುಂದೆ ಹಾಗೆ ಹೋಗಬೇಕೆಂದು ನಾನು ತಿಳಿದಿದ್ದೆ: ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕಲಿತ ಮಾತು ತಪ್ಪದೆ ಹೇಳಿ, ಹಿಂದಿರುಗಿ ಬರಬೇಕು.

ಮನೆಯಲ್ಲಿ ಸಂಜೆ ಅಪ್ಪ ಕನ್ನಡಕ ಹಾಕಿಕೊಂಡು ಪುಸ್ತಕದ ಪ್ರಾರ್ಥನೆ ಓದುತ್ತಿದ್ದರು, ನಾವು ಆಮೆನ್ ಅನ್ನುತ್ತಿದ್ದೆವು. ನಿನ್ನ ಮಾತಿನಲ್ಲಿ ನೀನೇ ಏನಾದರೂ ಹೇಳು ಎಂದು ನನಗೆ ಯಾರೂ ಹೇಳಿರಲಿಲ್ಲ.

ಖಾನಾಪುರದಲ್ಲಿ ಅದನ್ನೇ ಕೇಳುತ್ತಿದ್ದರು. ನನ್ನ ಗಂಡ ಹೆಂಚಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಊರಲ್ಲಿ ನಮ್ಮ ಸಭೆಯ, ಅಂದರೆ ನಮ್ಮ ಚರ್ಚಿನವರ, ಮನೆಗಳು ಕೆಲವೇ. ಪ್ರತಿ ಬುಧವಾರ ಸಂಜೆ ಒಂದೊಂದು ವಾರ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆಯ ಕೂಟ ಇರುತ್ತಿತ್ತು. ಜಮಖಾನೆ ಹಾಸುತ್ತಿದ್ದರು. ಗಂಡಸರು ಒಂದು ಬದಿ, ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ಇನ್ನೊಂದು ಬದಿ. ಒಂದು ಕನ್ನಡ ಹಾಡು, ಒಂದು ಮರಾಠಿ ಹಾಡು, ಒಂದು ಅಧ್ಯಾಯದ ಓದು, ಆಮೇಲೆ ಸರದಿ ಪ್ರಾರ್ಥನೆ. ಅದು ಬಾಗಿಲ ಬದಿಯಿಂದ ಶುರುವಾಗಿ ಸುತ್ತು ಹಾಕಿಕೊಂಡು ಬರುತ್ತಿತ್ತು. ಯಾರ ಬಾಯಿಗೆ ಯಾವ ಭಾಷೆ ಬರುತ್ತದೋ ಆ ಭಾಷೆ. ಮುಗಿಸಿದವರು ಬಾಜೂದವರ ಮೊಣಕಾಲು ಮುಟ್ಟಬೇಕು, ಅಂದರೆ ಇನ್ನು ನಿಮ್ಮ ಸರದಿ ಎಂದರ್ಥ.

ನನ್ನ ಮೊದಲ ಬುಧವಾರ ಅತ್ತೆ ತಮ್ಮ ಎಮ್ಮೆ, ನೆಗಡಿ, ನೆರೆಯವರ ಬಾವಿ ಎಲ್ಲವನ್ನೂ ಒಪ್ಪಿಸಿ ನನ್ನ ಮೊಣಕಾಲು ಮುಟ್ಟಿದರು. ಕಣ್ಣು ಮುಚ್ಚಿಕೊಂಡಿದ್ದೆ. ತಲೆಯೊಳಗೆ ಒಂದು ಮಾತೂ ಇರಲಿಲ್ಲ. ಎಲ್ಲರೂ ಕಾಯುತ್ತಿದ್ದಾರೆ ಎಂಬುದಷ್ಟೇ ತಿಳಿಯುತ್ತಿತ್ತು. ಆಗ ಬಾಯಿ ತಾನೇ ತೆರೆಯಿತು. ಕಾನ್ವೆಂಟಿನ ಮಧ್ಯಾಹ್ನದ ರಾಗದಲ್ಲಿ, ಇಂಗ್ಲಿಷಿನಲ್ಲಿ, ಮರಿಯಮ್ಮನ ಪ್ರಾರ್ಥನೆ ಮೊದಲಿಂದ ಕೊನೆಯವರೆಗೆ ಹೊರಗೆ ಬಂತು. ಮುಗಿದ ಮೇಲೆ ಕೈ ಕೂಡ ಸುಮ್ಮನಿರದೆ ಹಣೆಯಿಂದ ಎದೆಗೆ, ಎದೆಯಿಂದ ಹೆಗಲಿಗೆ ಶಿಲುಬೆಯ ಗುರುತು ಹಾಕಿತು.

ಕಣ್ಣು ತೆರೆದಾಗ ಎಲ್ಲರೂ ಕಣ್ಣು ತೆರೆದಿದ್ದರು. ನಮ್ಮಂಥ ಪ್ರಾಟೆಸ್ಟಂಟ್ ಮನೆಗಳಲ್ಲಿ ಮರಿಯಮ್ಮನಿಗೆ ಪ್ರಾರ್ಥನೆ ಮಾಡುವುದಿಲ್ಲ, ಅದು ಕ್ಯಾಥೊಲಿಕ್ಕರ ರೂಢಿ. ಸಭೆಯ ಹಿರಿಯರೊಬ್ಬರು, ಮರಾಠಿ ಮನೆಮಾತಿನ ಮುದುಕರು, ನನ್ನ ಮೇಲೆ ಕರುಣೆಯಿಟ್ಟು ‘ಆಮೆನ್’ ಅಂದರು. ಹಿಂದೆ ಯಾರೋ ಹುಡುಗಿ ಕಿಸಕ್ಕನೆ ನಕ್ಕಳು. ನಾನು ಮುಂದಿನವರ ಮೊಣಕಾಲು ಮುಟ್ಟುವುದನ್ನೂ ಮರೆತೆ.

ಮನೆಗೆ ಬಂದ ಮೇಲೆ ಅತ್ತೆ ಚಪ್ಪಲಿ ಬಿಡುತ್ತ ಅಂದರು:

‘ಸಿಸ್ಟರ್‌ಗೋಳು ಕಲಿಸಿದ್ದ ಕೆಟ್ಟದ್ದೇನಲ್ಲವಾ. ಆದ್ರ ಅದು ಅವರ ಮನಿ ಅಡಗಿ. ನೀ ಸ್ವತಃ ಏನ ಮಾಡಿ ಬಡಸ್ತಿ ಆತಗ?’

‘ನನಗ ಬರೂದಿಲ್ರಿ ಅತ್ತೀ.’

‘ಮಾತಾಡಾಕ ಬರೂದಿಲ್ಲಂದ್ರ? ನಿನ್ನಿ ತವರಮನಿಯಿಂದ ನಿಮ್ಮ ತಮ್ಮ ಬಂದಾಗ ಅಷ್ಟ ಹೊತ್ತ ಏನ ಮಾತಾಡಿದಿ ಮತ್ತ?’

ಆಮೇಲೆ ಒಂದು ವಾರ ಕೂತು ಕನ್ನಡದಲ್ಲಿ ಒಂದು ಪ್ರಾರ್ಥನೆ ಸಿದ್ಧಮಾಡಿಕೊಂಡೆ. ರೊಟ್ಟಿ ಬಡಿಯುವಾಗ ಅದನ್ನೇ ಗುನುಗಿಕೊಂಡೆ. ‘ಪರಲೋಕದಲ್ಲಿ ವಾಸಿಸುವ ಕೃಪಾಪೂರ್ಣನಾದ ತಂದೆಯೇ’ ಎಂದು ಶುರುವಾಗುವಂಥದು. ಬುಧವಾರ ಒಂದಕ್ಷರ ತಪ್ಪದೆ ಹೇಳಿದೆ. ಆಗ ನನ್ನ ಪಕ್ಕದ ಮುದುಕಿ ಮೆಚ್ಚಿಕೊಂಡು ಅತ್ತೆಯ ಕಿವಿಯಲ್ಲಿ ಪಿಸುಗುಟ್ಟಿದರು: ‘ಭಾಳ ಛಲೋ ಓದಿದಳು ನೋಡ್ರಿ.’ ನನ್ನ ಕೈಯಲ್ಲಿ ಪುಸ್ತಕವಾಗಲಿ ಚೀಟಿಯಾಗಲಿ ಏನೂ ಇರಲಿಲ್ಲ. ಆದರೂ ಆ ಮುದುಕಿಯ ಮಾತು ಸರಿಯಾಗಿಯೇ ಇತ್ತು.

ಅಲ್ಲಿಂದ ಮುಂದೆ ನಾನು ಹೇಳುವುದನ್ನೇ ಬಿಟ್ಟೆ. ಸರದಿ ಬಂದರೆ ಸುಮ್ಮನೆ ಮುಂದಿನವರ ಮೊಣಕಾಲು ಮುಟ್ಟುತ್ತಿದ್ದೆ. ಅದಕ್ಕೆ ಯಾರೂ ಬೇಸರಿಸುತ್ತಿರಲಿಲ್ಲ. ಆದರೆ ಒಳಗೆ ಒಂದು ಹೆದರಿಕೆ ಬೆಳೆಯಿತು. ಮಂದಿಯ ಮುಂದೆ ಆಗದಿದ್ದರೆ ಹೋಗಲಿ, ಒಬ್ಬಳೇ ಇದ್ದಾಗಲಾದರೂ ಮಾತಾಡೋಣ ಎಂದು ಗಂಡ ಕೆಲಸಕ್ಕೆ ಹೋದ ಮೇಲೆ ಮಂಚದ ಬದಿ ಮಂಡಿಯೂರುತ್ತಿದ್ದೆ. ‘ನಿನಗೆ ಸ್ತೋತ್ರ’ ಅನ್ನುತ್ತಿದ್ದೆ, ‘ನನ್ನ ತಪ್ಪು ಕ್ಷಮಿಸು’ ಅನ್ನುತ್ತಿದ್ದೆ. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಹಾಸಿಗೆಯ ಚಾದರದ ಮಡಿಕೆ ಸರಿಪಡಿಸಿ ಎದ್ದು ಬರುತ್ತಿದ್ದೆ. ಹುಟ್ಟಿದಾಗಿನಿಂದ ದೇವರ ಮನೆಗೆ ಹೋಗಿ ಬಂದು ಮಾಡುತ್ತಿದ್ದವಳು ನಾನು, ಆತನ ಪರಿಚಯವೇ ನನಗಿಲ್ಲವಲ್ಲ ಎಂದು ಆಗ ತಿಳಿಯಿತು. ಇದನ್ನು ಯಾರಿಗೆ ಹೇಳುವುದು? ಪಾದ್ರಿಗಳು ಬಂದಾಗ ಅತ್ತೆ ನನ್ನನ್ನು ಮುಂದೆ ಮಾಡಿ, ‘ಭಾಳ ಭಕ್ತಿವಂತಿ ಅದಾಳ್ರಿ, ಬಾಯಷ್ಟ ಸಣ್ಣದು’ ಎನ್ನುತ್ತಿದ್ದರು. ನಾನು ಚಹಾದ ಟ್ರೇ ಹಿಡಿದು ತಲೆತಗ್ಗಿಸಿ ನಿಲ್ಲುತ್ತಿದ್ದೆ.

ಮದುವೆಯಾಗಿ ಬಹಳ ದಿನ ಮಕ್ಕಳಾಗಲಿಲ್ಲ. ಅತ್ತೆ ಅದನ್ನೂ ಬುಧವಾರದ ಸರದಿಗೆ ಸೇರಿಸಿದರು. ‘ದೇವ್ರ, ನಮ್ಮ ಸೊಸಿ ಈ ತಿಂಗಳೂ ಹೊರಗ ಕುಂತಾಳ, ನೀ ಇನ್ನ ಎಷ್ಟ ದಿವಸ ಸುಮ್ಮನಿರ್ತಿ?’ ಗಂಡಸರ ಬದಿಯಲ್ಲಿ ಯಾರೋ ಗಂಟಲು ಸರಿಪಡಿಸಿಕೊಳ್ಳುತ್ತಿದ್ದರು. ನಾನು ಸೆರಗನ್ನು ಮೂಗಿನವರೆಗೆ ಎಳೆದುಕೊಳ್ಳುತ್ತಿದ್ದೆ. ಮರುದಿನ ಸಂತೆಯಲ್ಲಿ ಸಭೆಯ ಹೆಂಗಸರು ನನ್ನ ಮುಖ ನೋಡುವ ಮೊದಲು ಹೊಟ್ಟೆ ನೋಡುತ್ತಿದ್ದರು. ಒಮ್ಮೆ ಗಂಡನಿಗೆ ಹೇಳಿದೆ. ಅವರು ಅಂಗಿಯ ಮೇಲಿನ ಕೆಂಪು ಮಣ್ಣು ಕೊಡವುತ್ತ, ‘ಅವ್ವ ದೇವರಿಗೆ ಹೇಳ್ತಾಳ, ನಡಕ ನಾ ಹೆಂಗ ಬಾಯಿ ಹಾಕ್ಲಿ?’ ಅಂದರು.

ಆಮೇಲೆ ಬಸಿರಾದೆ. ಅದೂ ಸ್ತೋತ್ರದ ರೂಪದಲ್ಲಿ ಊರಿಗೆಲ್ಲ ತಿಳಿಯಿತು. ನಾಲ್ಕನೆಯ ತಿಂಗಳಲ್ಲಿ ಹೋಯಿತು. ಬೆಳಗಾವಿಯ ದವಾಖಾನೆಯಲ್ಲಿ ಇದ್ದು ಪ್ಯಾಸೆಂಜರ್ ಗಾಡಿಯಲ್ಲಿ ಹಿಂದಿರುಗಿದೆ. ದೇಸೂರಿನಲ್ಲಿ ಗಾಡಿ ನಿಂತಾಗ ಎದುರಿನ ಸೀಟಿಗೆ ಒಬ್ಬಾಕೆ ಕೂಸನ್ನೆತ್ತಿಕೊಂಡು ಬಂದು ಕೂತಳು. ಕೂಸಿನ ಒಂದು ಕಾಲಿಗೆ ಮಾತ್ರ ಉಣ್ಣೆಯ ಕಾಲುಚೀಲವಿತ್ತು. ಇನ್ನೊಂದು ಎಲ್ಲಿ ಬಿತ್ತು ಎಂದು ಖಾನಾಪುರ ಬರುವವರೆಗೂ ನಾನು ಅದನ್ನೇ ಯೋಚಿಸುತ್ತಿದ್ದೆ. ಬೇರೆ ಏನನ್ನೂ ಯೋಚಿಸಲು ಆಗುತ್ತಿರಲಿಲ್ಲ. ಮನೆಗೆ ಬಂದು ಮಂಚದ ಬದಿ ಮಂಡಿಯೂರಿದೆ. ‘ನಿನಗೆ ಸ್ತೋತ್ರ’ ಅನ್ನಲು ಬಾಯಿ ತೆರೆದೆ, ಆಗಲಿಲ್ಲ. ‘ಕ್ಷಮಿಸು’ ಅನ್ನಲೂ ಆಗಲಿಲ್ಲ. ನನಗೆ ಇದ್ದ ಎರಡು ಮಾತೂ ಹೋದವು.

ಮುಂದಿನ ಬುಧವಾರದ ಕೂಟ ನಮ್ಮ ಮನೆಯಲ್ಲೇ ಇತ್ತು. ಬೇಡ ಅನ್ನೋಣ ಎಂದು ಗಂಡ ಹೇಳಿದರು. ‘ದುಃಖ ಇದ್ದಾಗ ಬಾಗಲಾ ಹಾಕ್ಕೊಂತಾರೇನು?’ ಎಂದು ಅತ್ತೆ ಜಮಖಾನೆ ಹಾಸಿದರು. ಎಲ್ಲರೂ ಬಂದರು. ಯಾರೂ ನನ್ನ ಹೊಟ್ಟೆ ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ. ಹಾಡಾಯಿತು, ಓದಾಯಿತು. ಸರದಿ ಸುತ್ತಿಕೊಂಡು ಅತ್ತೆಯ ಹತ್ತಿರ ಬಂತು.

‘ದೇವ್ರ,’ ಎಂದು ಅವರು ಶುರು ಮಾಡಿದರು. ‘ಶನಿವಾರ ಮುಂಜಾನಿ ಆಕಿ ಬಚ್ಚಲಿಗೆ ಹ್ವಾದಾಕಿ ನನ್ನ ಕರದಳು. ಹೋಗಿ ನೋಡತೇನಿ, ಸೀರಿ ಎಲ್ಲಾ...’

ಅವರು ಎಲ್ಲವನ್ನೂ ಹೇಳತೊಡಗಿದರು. ನಾನು ಗಂಡನಿಗೆ ಕೂಡ ಹೇಳದೆ ಉಳಿಸಿಕೊಂಡದ್ದನ್ನು ಹೇಳಿದರು. ಸರದಿಯ ನಡುವೆ ಎದ್ದು ಹೋದವರನ್ನು ಆ ಊರಲ್ಲಿ ನಾನು ಕಂಡಿರಲಿಲ್ಲ. ನಾನು ಎದ್ದೆ. ಸೆರಗು ಜಾರಿತು, ಸರಿಮಾಡಿಕೊಳ್ಳಲಿಲ್ಲ. ಅಡುಗೆಮನೆಗೆ ಹೋಗಿ, ಬಾಗಿಲು ಎಳೆದುಕೊಂಡು, ನೀರಿನ ಹಂಡೆಯ ಅಂಚು ಹಿಡಿದು ನಿಂತೆ. ಆಗ ಮಾತು ಬಂತು. ಕಾನ್ವೆಂಟಿನದಲ್ಲ, ಪುಸ್ತಕದ್ದಲ್ಲ.

‘ದೇವ್ರ, ಮೊದಲ ಆಕಿ ಬಾಯಿ ಮುಚ್ಚಸು. ನನ್ನ ಮೈಯಾಗಿನ ಸುದ್ದಿ ಊರಿಗೆಲ್ಲಾ ಸಕ್ಕರಿ ಹಂಚಿಧಂಗ ಹಂಚಾಕತ್ತಾಳ. ಆಕಿ ಹೋಗ್ಲಿ, ನೀ ಏನ ಮಾಡಾಕತ್ತಿದ್ದಿ? ಕೊಡೂ ಮನಸ್ಸ ಇರಲಿಲ್ಲಂದ್ರ ಯಾಕ ಕೊಟ್ಟಿ? ನಾ ಒಂದ ದಿವಸ ನಿನಗ ಎದುರ ಮಾತಾಡಿಲ್ಲ. ಕೊಟ್ಟಿದ್ದಕ್ಕೆಲ್ಲಾ ಸ್ತೋತ್ರ ಅಂದೇನಿ. ಮಾಡದ ತಪ್ಪಿಗೂ ಕ್ಷಮಾ ಕೇಳೇನಿ. ಕೂಸಿನ ಮಾರಿ ಸೈತ ನೋಡಗೊಡಲಿಲ್ಲ ನೀ. ಗಂಡೋ ಹೆಣ್ಣೋ, ಅದನ್ನೂ ಯಾರೂ ಹೇಳಲಿಲ್ಲ ನನಗ. ನಿನ್ನ ಮ್ಯಾಲ ಭಾಳ ಸಿಟ್ಟ ಬಂದೈತಿ ನನಗ. ಕೇಳಾಕತ್ತಿಯೋ ಇಲ್ಲೋ? ಇಲ್ಲಿ ಅದಿಯೋ ಇಲ್ಲೋ ನೀ?’

ಅಳು ಬಂದು ಮುಂದಿನ ಮಾತು ಆಗಲಿಲ್ಲ. ಮೂಗು ಸೋರುತ್ತಿತ್ತು, ಸೆರಗಿನಿಂದಲೇ ಒರೆಸಿಕೊಂಡೆ. ಆಗ ಗಮನಕ್ಕೆ ಬಂತು, ಮನೆ ತುಂಬ ಸದ್ದಿಲ್ಲ. ಅತ್ತೆಯ ದನಿಯೂ ಇಲ್ಲ. ಆ ಕಾಲದ ನಮ್ಮ ಹೆಂಚಿನ ಮನೆಗಳಲ್ಲಿ ಒಳಗೋಡೆಗಳು ಮೇಲಿನವರೆಗೆ ಹೋಗುತ್ತಿರಲಿಲ್ಲ, ಆಳೆತ್ತರಕ್ಕೆ ನಿಲ್ಲುತ್ತಿದ್ದವು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೆ ಪಡಸಾಲೆಯವರು ಸೀನುತ್ತಿದ್ದರು. ಅದು ನನಗೆ ಗೊತ್ತಿತ್ತು, ಆ ಹೊತ್ತಿನಲ್ಲಿ ಮರೆತಿದ್ದೆ.

ಪಡಸಾಲೆಯಿಂದ ಅತ್ತೆಯ ದನಿ ಬಂತು. ‘ಆಮೆನ್.’

ಅದರ ಹಿಂದೆ ಎಲ್ಲರೂ, ಗಂಡಸರು ಹೆಂಗಸರು ಕೂಡಿ, ‘ಆಮೆನ್’ ಅಂದರು. ಆಮೇಲೆ ಆ ಮರಾಠಿ ಹಿರಿಯರ ದನಿ ಮೆಲ್ಲಗೆ ಶುರುವಾಯಿತು, ಏನೂ ಆಗಿಲ್ಲವೇನೋ ಎಂಬಂತೆ. ನನ್ನ ಸರದಿ ಮುಗಿದಿತ್ತು.

ಅಂಥ ನಾಚಿಕೆ ನನಗೆ ಅದಕ್ಕಿಂತ ಮೊದಲು ಆಗಿರಲಿಲ್ಲ. ಹಿತ್ತಲ ಬಾಗಿಲು ತೆರೆದು ಹೊರಗೆ ಹೋದೆ. ಹಿತ್ತಲ ಗೋಡೆಯಾಚೆ ನೆರೆಮನೆಯ ಹೆಣ್ಣುಮಗಳು ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಲಿಂಗಾಯತರ ಮನೆಯವಳು, ದಿನಾಲು ಒಂದಿಲ್ಲೊಂದು ನೆಪ ಮಾಡಿಕೊಂಡು ಗೋಡೆಗೆ ಬರುವವಳು.

‘ಯಾರ ಕೂಡ ಜಗಳಾ ತೆಗದಿದ್ರಿ ಅಕ್ಕಾರ?’

ಸುಳ್ಳು ಹೇಳಲು ಹೊಳೆಯಲಿಲ್ಲ. ‘ದೇವರ ಕೂಡ್ರಿ.’

ಆಕೆ ಒಂದು ಲಂಗ ಮಡಚಿ ಹೆಗಲಿಗೆ ಹಾಕಿಕೊಂಡಳು. ‘ಹಂಗಾರ ನಾ ನಡಕ ಬರೂದಿಲ್ರಿ. ನಾನೂ ಹೋದ ಸೋಮವಾರದಿಂದ ನಮ್ಮಾಂವನ ಕೂಡ ಮಾತ ಬಿಟ್ಟೇನಿ’ ಎಂದು ಕೊರಳಲ್ಲಿನ ಲಿಂಗದ ಕರಡಿಗೆ ಮುಟ್ಟಿ ತೋರಿಸಿ ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ‘ಒಳಗ ನಡೀರಿ. ತಂಪ ಗಾಳಿ ಐತಿ, ಹಸೀ ಮೈ ನಿಮ್ಮದು.’

ಚಹಾ ಕೊಡಲೇಬೇಕಿತ್ತು. ಕಪ್ಪು ಬಸಿಗಳು ಟ್ರೇಯಲ್ಲಿ ಕಟಕಟ ಅನ್ನುತ್ತಿದ್ದವು. ನಾನು ನೆಲ ನೋಡುತ್ತ ಒಬ್ಬೊಬ್ಬರ ಮುಂದೆ ಬಗ್ಗಿದೆ. ಅವರ ಕಾಲ್ಬೆರಳುಗಳಷ್ಟೇ ಕಾಣುತ್ತಿದ್ದವು. ಹಿರಿಯರ ಮುಂದೆ ಬಂದಾಗ ಅವರು ಎರಡೂ ಕೈಯಿಂದ ಬಸಿ ತೆಗೆದುಕೊಂಡು, ‘ಚಹಾ ಛಾನ್ ಆಗೇತಿ, ಮಗಳ’ ಅಂದರು. ಇನ್ನೂ ಒಂದು ಗುಟುಕು ಕುಡಿದಿರಲಿಲ್ಲ.

ಎಲ್ಲರೂ ಹೋದ ಮೇಲೆ ಕಪ್ಪು ತೊಳೆಯಲು ಕೂತೆ. ಅತ್ತೆ ಬಂದು ಎದುರು ಮಣೆ ಎಳೆದುಕೊಂಡು ಕೂತು, ತೊಳೆದದ್ದನ್ನು ಒರೆಸತೊಡಗಿದರು.

‘ನಿನ್ನ ಪ್ರಾರ್ಥನಿ ಮುಟ್ಟೇತಿ ನೋಡವಾ.’

‘ಯಾವುದ್ರಿ?’

‘ನನ್ನ ಬಾಯಿ ಮುಚ್ಚಸು ಅಂದ್ಯಲ್ಲಾ. ಮುಚ್ಚ್ಯಾನ. ಆಮ್ಯಾಲ ಆಮೆನ್ ಬಿಟ್ಟರ ನಾ ಒಂದ ಮಾತೂ ಆಡಿಲ್ಲ.’

‘ಮನಸ್ಸಿಗೆ ಹಚ್ಚಕೋಬ್ಯಾಡ್ರಿ ಅತ್ತೀ. ಬಾಯಿ ತಪ್ಪಿ ಬಂತು.’

‘ನನಗೇನ ಅಂದಿಲ್ಲಲ್ಲ ನೀ. ಆತಗ ಅಂದಿ. ನಡಕ ನಾ ಕೇಳಿದ್ದ ತಪ್ಪ.’ ಒಂದು ಬಸಿಯನ್ನು ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದರು. ‘ನಿನ್ನ ಗಂಡ ಹುಟ್ಟೂಕಿಂತ ಮದಲ ನಂದೂ ಒಂದ ಹೋಗಿತ್ತು. ಕಣಕುಂಬಿ ಕಡೆ ಇದ್ವಿ ಆಗ. ನಿಮ್ಮ ಮಾವ ಫಾರೆಸ್ಟ್ ಗಾರ್ಡ್, ಅಡವ್ಯಾಗ ಹೊಕ್ಕರ ಎರಡೆರಡ ದಿವಸ ಬರತಿರಲಿಲ್ಲ. ಬಾಜೂಕ ಒಂದ ನರಪಿಳ್ಳಿ ಇಲ್ಲ. ಯಾರಿಗೆ ಹೇಳ್ಲಿ? ಗಿಡಕ್ಕ ಹೇಳಿದ್ರ ಹುಚ್ಚಿ ಅಂತಾರ. ದೇವರಿಗೆ ಹೇಳಿದ್ರ ಪ್ರಾರ್ಥನಿ ಅಂತಾರ. ಒದರಿ ಒದರಿ ಹೇಳಿದೆ. ಅದ ಚಟಾ ಆತು. ಈ ಊರಿಗೆ ಬಂದ ಮ್ಯಾಲೂ, ಮಂದಿ ಕೇಳ್ತಾರ ಅನ್ನೂದು ನನಗ ನೆನಪ ಆಗಲೇ ಇಲ್ಲ.’

ನಾನು ನೀರಿನಲ್ಲಿ ಕೈ ಬಿಟ್ಟುಕೊಂಡೇ ಕೂತೆ. ಇಷ್ಟು ದಿನ ಅವರ ದನಿಗೆ ನಾಚಿದ್ದೆ. ಈಗ ಹಾಗೆ ನಾಚಿದ್ದಕ್ಕೆ ನಾಚಿಕೆಯಾಯಿತು. ಆದರೆ ಅದನ್ನು ಅವರಿಗೆ ಹೇಳುವ ಧೈರ್ಯ ಬರಲಿಲ್ಲ. ಅವರು ಎದ್ದು ಹೋದ ಮೇಲೆ ತುಟಿ ಮಿಸುಕಿಸಿ ದೇವರಿಗೆ ಹೇಳಿದೆ, ‘ನನಗ ನಾಚಿಕಿ ಬಂದೈತಿ’ ಎಂದು. ಹಿಂದೆಲ್ಲ ನಾಚಿಕೆಯಾದರೆ, ಅದು ಹೋಗುವವರೆಗೆ ಆತನ ಮುಂದೆ ಹೋಗುತ್ತಿರಲಿಲ್ಲ, ಉಗುರು ಕತ್ತರಿಸದ ದಿನ ಸಾಲಿನ ಹಿಂದೆ ನಿಲ್ಲುವ ಹುಡುಗಿಯರಂತೆ. ಅವತ್ತು ಎಂಜಲು ನೀರಿನಲ್ಲಿ ಕೈಯಿಟ್ಟುಕೊಂಡು, ಸೋರುವ ಮೂಗಿನಲ್ಲಿ ಹೋದೆ. ಉತ್ತರವೇನೂ ಬರಲಿಲ್ಲ. ಆದರೆ ಮಾತು ಮುಗಿದ ಮೇಲೂ ಏಳಬೇಕು ಅನ್ನಿಸಲಿಲ್ಲ.

ಮುಂದಿನ ಬುಧವಾರ ಕೂಟ ಆ ಹಿರಿಯರ ಮನೆಯಲ್ಲಿ. ಹೊರಡುವಾಗ ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು, ‘ನಿನ್ನ ಸುದ್ದಿ ಇವತ್ತ ಹೇಳ್ಲ್ಯೋ ಬ್ಯಾಡೋ?’

‘ಬ್ಯಾಡ್ರಿ. ನಾನ ಹೇಳ್ತೇನಿ.’

ಅಂದುಬಿಟ್ಟೆ. ಕೂಟದಲ್ಲಿ ಸರದಿ ಬಂದಾಗ ಅತ್ತೆ ಎಮ್ಮೆಯ ಸುದ್ದಿಯಲ್ಲೇ ಮುಗಿಸಿ ನನ್ನ ಮೊಣಕಾಲು ಮುಟ್ಟಿದರು. ಕಿವಿ ಬಿಸಿಯಾಯಿತು, ಗಂಟಲು ಒಣಗಿತು. ಕಿವಿ ಬಿಸಿ ಇರುವಾಗಲೇ ಹೇಳಿದೆ.

‘ದೇವ್ರ, ಹೋದ ವಾರ ಆಡಿದ ಮಾತ ನಾ ಹಿಂದ ತಗೊಳ್ಳೂದಿಲ್ಲ. ಸಿಟ್ಟ ಇನ್ನೂ ಐತಿ. ಆದ್ರ ನೀ ಕೇಳೀದಿ ಅಂತ ತಿಳಕೊಂಡೇನಿ.’ ಮುಂದೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಇಷ್ಟು ವರ್ಷ ಅತ್ತೆ ಊರಿನವರ ಹೆಸರೆಲ್ಲ ಹೇಳಿದ್ದರು, ತಮ್ಮದೊಂದನ್ನು ಎಂದೂ ಹೇಳಿರಲಿಲ್ಲ. ಅದು ಆಗ ಹೊಳೆಯಿತು. ‘ನಮ್ಮ ಅತ್ತಿಗೆ ರಾತ್ರಿ ಸೊಂಟಾ ನೋಯತೈತಿ. ಯಾರಿಗೂ ಹೇಳೂದಿಲ್ಲ. ಮಗ್ಗಲಾ ಹೊಳ್ಳುವಾಗ ಯೇಸಪ್ಪಾ ಅಂತ ನರಳ್ತಾರ, ನನಗ ಕೇಳಸ್ತೈತಿ. ಅವರನ ನೋಡು.’

ಮನೆಗೆ ಬರುವಾಗ ಅತ್ತೆಯನ್ನು ಬೀದಿಯ ದೀಪದ ಕೆಳಗೆ ನೋಡಿದರೆ ಸೆರಗನ್ನು ಮೂಗಿನವರೆಗೆ ಎಳೆದುಕೊಂಡಿದ್ದರು. ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಅಂದರು:

‘ನನ್ನ ಸೊಂಟದ ಸುದ್ದಿ ಗಂಡಸರ ಮುಂದೆಲ್ಲಾ ಯಾಕ ಬೇಕಿತ್ತವಾ ನಿನಗ?’

ಅವರು ನಾಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಖುಷಿಯಾಗಬೇಕಿತ್ತೇನೋ, ಆಗಲಿಲ್ಲ. ಆ ಬಿಸಿ ಎಂಥದೆಂದು ನನಗೆ ಗೊತ್ತಿತ್ತು.

‘ತಪ್ಪಾತ್ರಿ ಅತ್ತೀ.’

‘ನನಗ ಯಾಕ ಹೇಳ್ತಿ,’ ಎಂದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅವರ ಕೋಣೆಯಿಂದ ಗೋಡೆಯ ಮೇಲೆ ಹಾದು ದನಿ ಬಂತು, ಎಂದಿಗಿಂತ ತಗ್ಗಿನ ದನಿ. ನಾನು ಮಾತು ಆಲಿಸದೆ, ಎಣ್ಣೆಯ ಬಟ್ಟಲನ್ನು ಒಲೆಯ ಮೇಲಿಟ್ಟೆ. ಬೆಚ್ಚಗಾದ ಮೇಲೆ ಅವರ ಸೊಂಟಕ್ಕೆ ತಿಕ್ಕಬೇಕಿತ್ತು, ಅವರು ಹೇಳಿ ಮುಗಿಸಲಿ ಎಂದು ಬಾಗಿಲ ಹೊರಗೆ ಕಾಯುತ್ತ ನಿಂತೆ.